ಬೀಗದ ಕೆಲಸ ಈಗಷ್ಟೇ ಶುರು: ಪಿಕ್ ಸೆಟ್ ಯಾವುದು ತಗೊಳ್ಳುವುದು?

ಉಪ್ಪಳ_ಕೀಲಿಕೈ:

ಎಲ್ಲರಿಗೂ ನಮಸ್ಕಾರ. ಬೀಗ ರಿಪೇರಿಯ ತರಬೇತಿ ಮುಗಿದಿದೆ. ಕೀ ಕಟ್ ಮಾಡುವ ಮೆಷಿನ್ ಉಂಟು, ಬ್ಲ್ಯಾಂಕ್ ಕೀ (ಹಲ್ಲು ಕೊರೆಯದ ಕೀ) 40 ಬಗೆ ಉಂಟು. ಇಲ್ಲದ್ದು ಕೀ ಕಳೆದ ಬೀಗ ಬಿಡಿಸುವ ಸಾಮಾನು, ಅಂದರೆ ಪಿಕ್ (ಕೀ ಕಿಂಡಿಗೆ ಹಾಕಿ ಒಳಗಿನ ಪಿನ್ ಒತ್ತುವ ತೆಳು ಕಡ್ಡಿ). ಬಜೆಟ್ 8000 ರೂಪಾಯಿ. ಕೆಲಸ ಬರುವುದು ಕಾಸರಗೋಡು ಕಡೆಯ ಉಪ್ಪಳದಿಂದ ಕುಂಬಳೆವರೆಗೆ: ಮನೆ ಬಾಗಿಲು, ಅಂಗಡಿ ಶಟರ್, ಕಬ್ಬಿಣದ ಕಪಾಟು, ಸ್ಕೂಟರ್.

ಆನ್‌ಲೈನಲ್ಲಿ 32 ತುಂಡಿನ ಸೆಟ್ ಉಂಟು, ಜೊತೆಗೆ ಒಳಗೆ ಕಾಣುವ ಪ್ಲಾಸ್ಟಿಕ್ ಬೀಗವೂ ಬರ್ತದೆ. ಅದು ಸಾಕಾ? ಪಿಕ್ ಎಷ್ಟು ದಪ್ಪದ್ದು ಇರಬೇಕು? ಟ್ರಿಗರ್ ಒತ್ತುವ ಪಿಕ್ ಗನ್ ತಗೊಂಡರೆ ಕೆಲಸ ಬೇಗ ಆಗ್ತದೆ ಅಂತ ಹೇಳ್ತಾರೆ, ಹೌದಾ? ನವ್‌ತಾಲ್ (ಗೋದ್ರೆಜ್ ಪ್ಯಾಡ್‌ಲಾಕ್) ಬಗೆಯ ಬೀಗಕ್ಕೆ ಇದೇ ಪಿಕ್ ಆಗ್ತದಾ?

ಅರದ_ಹುಡಿ:

32 ತುಂಡಿನದ್ದು ಬೇಡಿ. ಅದರಲ್ಲಿ ದಿನಾ ಕೈಗೆ ಬರುವುದು ನಾಲ್ಕೈದು, ಉಳಿದದ್ದು ಚೀಲಕ್ಕೆ ಭಾರ. ಅಗ್ಗದ ಸೆಟ್ಟಿನ ದೊಡ್ಡ ತೊಂದರೆ ಟೆನ್ಷನ್ ಕಡ್ಡಿಯಲ್ಲಿ, ಅಂದರೆ ಪಿಕ್ ಆಡಿಸುವಾಗ ಬೀಗವನ್ನು ತಿರುಗಿಸಿ ಹಿಡಿಯುವ ಬಾಗಿದ ಕಡ್ಡಿಯಲ್ಲಿ. ಎರಡೋ ಮೂರೋ ಕೊಡ್ತಾರೆ, ಎಲ್ಲವೂ ಒಂದೇ ದಪ್ಪ. ಬೀಗ ಬಿಡಿಸುವಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಆ ಕಡ್ಡಿಯದ್ದು, ಪಿಕ್ಕಿನದ್ದಲ್ಲ. ಪಿಕ್ 5 ಇದ್ದರೆ ಟೆನ್ಷನ್ 8 ಇರಲಿ.

ದಪ್ಪದ ಲೆಕ್ಕ ಹೀಗೆ. ಪಿಕ್ ಮಾಡುವವರು ಇಂಚಿನ ಸಾವಿರದ ಭಾಗದಲ್ಲಿ ಹೇಳ್ತಾರೆ. 25 ಅಂದರೆ 0.64 ಮಿ.ಮೀ., 18 ಅಂದರೆ 0.46, 15 ಅಂದರೆ 0.38. ದೊಡ್ಡ ಕಿಂಡಿಯ ಪ್ಯಾಡ್‌ಲಾಕಿಗೆ 25 ಸರಿ, ಗಟ್ಟಿ ಇರ್ತದೆ, ಬಾಗುವುದಿಲ್ಲ. ಈಗಿನ ಮನೆ ಬಾಗಿಲಿನ, ಒಳಗೆ ಸ್ಪ್ರಿಂಗಿನ ಸಣ್ಣ ಪಿನ್ ಸಾಲಾಗಿ ಇರುವ ಸಿಲಿಂಡರ್‌ಗಳ ಕಿಂಡಿ ಹಾವಿನ ಹಾಗೆ ಸುತ್ತಿಕೊಂಡು ಹೋಗ್ತದೆ. ಅಲ್ಲಿ 25ರ ಪಿಕ್ ಒಳಗೆ ಹೋಗಿಯೂ ಮೇಲೆ ಕೆಳಗೆ ಆಡುವುದಿಲ್ಲ. ಪಿನ್ ತಾಗಿದ್ದಾ, ಕಿಂಡಿಯ ಗೋಡೆ ತಾಗಿದ್ದಾ ಅಂತ ಕೈಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ 18 ಬೇಕು. 15ನ್ನು ಮೊದಲಿಗೇ ತಗೊಳ್ಳಬೇಡಿ. ಕೈ ಹದಕ್ಕೆ ಬರುವ ಮೊದಲು ಬಾಗಿಸಿ ಹಾಕ್ತೀರಿ.

ಅಳೆಯಲಿಕ್ಕೆ ಗ್ಯಾರೇಜಿನ ಫೀಲರ್ ಗೇಜ್ (ದಪ್ಪ ಬರೆದ ತೆಳು ಸ್ಟೀಲ್ ಎಲೆಗಳ ಕಟ್ಟು) ಒಳ್ಳೆಯದು. 0.4, 0.5, 0.6ರ ಎಲೆಗಳನ್ನು 3 ಮಿ.ಮೀ. ಅಗಲಕ್ಕೆ ಉಜ್ಜಿಟ್ಟುಕೊಳ್ಳಿ. ನಿಮ್ಮ ಕಡೆ ಹೆಚ್ಚು ಮಾರುವ ಸಿಲಿಂಡರಿನ ಕಿಂಡಿಗೆ ಒಂದೊಂದಾಗಿ ತುರುಕಿ ನೋಡಿ. ಯಾವ ಎಲೆ ಕೊನೆವರೆಗೆ ಸಲೀಸಾಗಿ ಹೋಗಿ ಮೇಲೆ ಕೆಳಗೆ ಆಡ್ತದೋ ಅದು ನಿಮ್ಮ ದಪ್ಪ. ಇದಾದ ಮೇಲೆಯೇ ಆರ್ಡರ್ ಮಾಡಿ.

ತಗೊಳ್ಳಬೇಕಾದದ್ದು: ತುದಿ ಬಾಗಿದ ಗಿಡ್ಡ ಹುಕ್ 2 (ಒಂದು 25, ಒಂದು 18), ಸ್ವಲ್ಪ ಎತ್ತರದ ಹುಕ್ 1 (18), ತ್ರಿಕೋನ ತುದಿಯ ಹಾಫ್ ಡೈಮಂಡ್ 1, ಹಿಂದೆ ಮುಂದೆ ಎಳೆಯುವ ಮೂರು ಡುಬ್ಬದ ರೇಕ್ 1. ಮುರಿಯುವುದು ಯಾವಾಗಲೂ 18ರ ಗಿಡ್ಡ ಹುಕ್ಕೇ, ಹಾಗಾಗಿ ಅದನ್ನೇ ಇನ್ನೊಂದು ತೆಗೆದಿಡಿ. ಹಿಡಿಗೆ ದಪ್ಪ ರಬ್ಬರ್ ಇರುವುದು ಬೇಡ. ಪಿನ್ ಕೂತ ಸಣ್ಣ ಟಿಕ್ ಅನ್ನು ರಬ್ಬರ್ ತಿಂದುಬಿಡ್ತದೆ.

ಸಾಮಾನು ಕೈಗೆ ಬಂದ ಕೂಡಲೇ ಹುಕ್ಕಿನ ತುದಿಯನ್ನು ಉಗುರಿನ ಮೇಲೆ ಎಳೆದು ನೋಡಿ. ಕೆರೆದರೆ ಅಂಚು ಹಾಗೇ ಉಳಿದಿದೆ ಅಂತ ಅರ್ಥ. 400ರ ಎಮರಿಯಲ್ಲಿ ಶುರು ಮಾಡಿ 800, 1200ರವರೆಗೆ ಉಜ್ಜಿ. ಒರಟು ಪಿಕ್ ಪ್ರತಿ ಪಿನ್ನಿಗೂ ಸಿಕ್ಕಿಕೊಳ್ತದೆ, ಹಿತ್ತಾಳೆಯನ್ನು ಕೆರೆದು ಹುಡಿ ಒಳಗೆ ಬೀಳಿಸ್ತದೆ.

ಪಿಕ್ ಗನ್ ಈಗ ಬೇಡ. ಅದು ಕೀ ಪಿನ್ನಿಗೆ (ಕೀ ತಾಗುವ ಪಿನ್) ಪೆಟ್ಟು ಕೊಟ್ಟು ಅದರ ಆಚೆಯ ಡ್ರೈವರ್ ಪಿನ್ನನ್ನು (ಸ್ಪ್ರಿಂಗ್ ಒತ್ತುವ ಪಿನ್) ಹಾರಿಸುವ ಸಾಧನ. ಪಿನ್ ಸಲೀಸಾಗಿ ಹಾರಬೇಕು. ತುಕ್ಕು ಹಿಡಿದ ಬೀಗದಲ್ಲಿ ಹಾರುವುದಿಲ್ಲ, ಲಿವರ್ ಬೀಗದಲ್ಲಿ ಪಿನ್ನೇ ಇಲ್ಲ. ನಮ್ಮ ಕಡೆ ಬರುವ ಕೆಲಸದಲ್ಲಿ ಈ ಎರಡನ್ನು ಕಳೆದರೆ ಉಳಿಯುವುದೆಷ್ಟು?

ಕುಂಬ್ಳೆ_ಸೀಮೆ:

ಮೇಲಿನವರು ಸಿಲಿಂಡರ್ ಬೀಗದ ಬಗ್ಗೆ ಹೇಳಿದ್ದು ಸರಿ. ಆದರೆ ಊರ ಹಳೇ ಮನೆ, ಅಡಿಕೆ ಗೋಡೌನು, ಅಂಗಡಿ ಶಟರು ಎಲ್ಲ ಲಿವರ್ ಬೀಗಗಳೇ. ನವ್‌ತಾಲ್ ಕೂಡ ಲಿವರಿನದ್ದೇ, 6, 7, 8 ಲಿವರ್ ಅಂತ ಮೈಮೇಲೆಯೇ ಬರೆದಿರ್ತದೆ. ಅದಕ್ಕೆ ನಿಮ್ಮ ಹುಕ್, ಡೈಮಂಡ್ ಯಾವುದೂ ಪ್ರಯೋಜನ ಇಲ್ಲ ಮಾರಾಯ್ರೆ.

ಒಳಗೆ ಲಿವರ್ ಅನ್ನುವ ತೆಳು ತಗಡುಗಳು ಒಂದರ ಮೇಲೊಂದು ಇರ್ತವೆ. ಪ್ರತಿ ತಗಡಿನಲ್ಲಿ ಒಂದು ಗಾಡಿ, ಅಂದರೆ ಕಚ್ಚು. ಅಗುಳಿಗೆ ಒಂದು ಮೊಳೆ ಕೂತಿರ್ತದೆ. ಎಲ್ಲ ಕಚ್ಚುಗಳೂ ಆ ಮೊಳೆಯ ಎದುರು ಸಾಲಾಗಿ ಬಂದರೆ ಮಾತ್ರ ಅಗುಳಿ ಸರಿಯುವುದು. ಒಂದು ತಗಡು ಕಡಿಮೆ ಎದ್ದರೂ ಆಗುವುದಿಲ್ಲ, ಜಾಸ್ತಿ ಎದ್ದರೂ ಆಗುವುದಿಲ್ಲ. ಇದಕ್ಕೆ ಬೇಕಾದದ್ದು ಎರಡು ತುಂಡಿನ ಎಲ್ ಆಕಾರದ ಸರಿಗೆ. ದಪ್ಪದ್ದು ಅಗುಳಿಯನ್ನು ಒತ್ತಿ ಹಿಡಿಯಲಿಕ್ಕೆ, ತೆಳ್ಳಗಿನದ್ದು ತಗಡು ಒಂದೊಂದನ್ನೇ ಎತ್ತಲಿಕ್ಕೆ. ಅಭ್ಯಾಸಕ್ಕೆ ಸೈಕಲಿನ ಕಡ್ಡಿ ಸಾಕು, ಸಾಮಾನ್ಯವಾಗಿ 2 ಮಿ.ಮೀ. ಇರ್ತದೆ. ಕೆಲಸಕ್ಕೆ ಹೋಗುವಾಗ ಸ್ಪ್ರಿಂಗ್ ಸ್ಟೀಲ್ ಸರಿಗೆಯೇ ಬೇಕು. ಸೈಕಲ್ ಕಡ್ಡಿ ಒತ್ತಡಕ್ಕೆ ತಿರುಚಿಕೊಳ್ತದೆ, ಒತ್ತಿದ ಬಲ ಅಗುಳಿಗೆ ಹೋಯ್ತಾ ಕಡ್ಡಿಯಲ್ಲೇ ಉಳಿಯಿತಾ ಅಂತ ತಿಳಿಯುವುದಿಲ್ಲ.

ನನ್ನ ಲೆಕ್ಕದಲ್ಲಿ ಲಿವರ್ ಬೀಗಕ್ಕೆ ಪಿಕ್ಕಿಗಿಂತ ಮಸಿ ಹಿಡಿಸಿ ಕೀ ಮಾಡುವುದೇ ಲೇಸು. ಗಿರಾಕಿಗೆ ಬೀಗ ಬಿಟ್ಟ ಹಾಗೂ ಆಯಿತು, ಕೀ ಸಿಕ್ಕಿದ ಹಾಗೂ ಆಯಿತು. ಸರಿಯಾದ ಬ್ಲ್ಯಾಂಕನ್ನು ಮೇಣದ ಬತ್ತಿಯ ಹೊಗೆಯಲ್ಲಿ ಹಿಡಿದು ಮೈ ಪೂರ್ತಿ ಕಪ್ಪು ಮಾಡಿ. ಬಿಸಿ ಆರಲಿ. ಒಳಗೆ ಹಾಕಿ ಮೆಲ್ಲಗೆ ತಿರುಗಿಸಿ, ತಡೆದಲ್ಲಿ ನಿಲ್ಲಿಸಿ, ಅಲುಗಾಡಿಸದೆ ಹೊರಗೆ ತೆಗೆಯಿರಿ. ಮಸಿ ಅಳಿಸಿ ಲೋಹ ಹೊಳೆಯುವ ಗೆರೆಗಳೇ ಲಿವರ್ ತಾಗಿದ ಜಾಗ. ಅಲ್ಲಿ ಮಾತ್ರ ಅರದಲ್ಲಿ ಎರಡು ಎಳೆತ, ಮತ್ತೆ ಮಸಿ, ಮತ್ತೆ ತಿರುಗಿಸುವುದು. ಹೊಸಬರು ಕೆಡಿಸುವುದು ಇಲ್ಲಿಯೇ. ಗೆರೆ ಕಂಡ ಖುಷಿಗೆ ಐದಾರು ಸಲ ಎಳೆದುಬಿಡ್ತಾರೆ. ಒಂದು ಕಚ್ಚು ಆಳ ಜಾಸ್ತಿ ಆದರೆ ಆ ಕೀ ಕಸಕ್ಕೆ, ತಿರುಗಿ ತುಂಬಿಸಲಿಕ್ಕೆ ಬರುವುದಿಲ್ಲ. ಒಂದು ಬೀಗಕ್ಕೆ ಮೂರು ಬ್ಲ್ಯಾಂಕ್ ಇಟ್ಟುಕೊಂಡೇ ಕೂತುಕೊಳ್ಳಿ.

ಹಾಗಾಗಿ 8000ದಲ್ಲಿ ದೊಡ್ಡ ಪಾಲು ಒಳ್ಳೆಯ ಅರಗಳಿಗೆ ಹೋಗಲಿ. ಸ್ವಿಸ್ ಕಟ್ (ನಂಬರ್ ಹೆಚ್ಚಿದಷ್ಟೂ ಹಲ್ಲು ಸಣ್ಣ) 4 ನಂಬರಿನ ಉರುಟು ಅರ ಒಂದು, 2 ನಂಬರಿನದ್ದು ಒಂದು, ಲಿವರ್ ಕೀಗೆ ತೆಳು ಚಪ್ಪಟೆ ಅರ ಒಂದು. ಜೊತೆಗೆ 10 ಪಟ್ಟಿನ ವಾಚ್ ರಿಪೇರಿ ಲೆನ್ಸ್.

ಇನ್ನೊಂದು: ಅಗ್ಗದ ಪ್ಯಾಡ್‌ಲಾಕನ್ನು ಒಂದು ಗಂಟೆ ಕೂತು ಬಿಡಿಸುವುದರಲ್ಲಿ ಅರ್ಥ ಇಲ್ಲ. ಬೀಗದ ಬೆಲೆ, ನಿಮ್ಮ ಕೂಲಿ ಎರಡನ್ನೂ ಮೊದಲೇ ಹೇಳಿ. ಹೆಚ್ಚಿನವರು ಕತ್ತರಿಸಿ ಅಂತಲೇ ಹೇಳ್ತಾರೆ. ಗಟ್ಟಿ ಮಾಡಿದ ಕೊಂಡಿಗೆ ಹ್ಯಾಕ್ಸಾ ಜಾರ್ತದೆ, 4 ಇಂಚಿನ ಗ್ರೈಂಡರಿಗೆ ತೆಳು ಕಟ್ಟಿಂಗ್ ಡಿಸ್ಕ್ ಬೇಕಾಗ್ತದೆ. ಕನ್ನಡಕ ಹಾಕಿಕೊಳ್ಳಿ.

ಪಯಸ್ವಿನಿ_ದಡ:

ಟೆನ್ಷನ್ ಕಡ್ಡಿಗೆ ದುಡ್ಡು ಹಾಕುವುದೇ ಬೇಡ. ಬಸ್ಸು, ಲಾರಿಯ ಹಳೇ ವೈಪರ್ ಬ್ಲೇಡಿನ ರಬ್ಬರ್ ಒಳಗೆ ಎರಡು ಉದ್ದ ಸ್ಟೀಲ್ ಪಟ್ಟಿ ಇರ್ತದೆ. ಗ್ಯಾರೇಜಿನವರು ಬಿಸಾಡುವುದು ಅದನ್ನು. ಒಂದು ಬ್ಲೇಡಿನಲ್ಲಿ ಆರೇಳು ಕಡ್ಡಿ ಆಗ್ತದೆ. ಬಗ್ಗಿಸುವಾಗ ಚಿಮಿಣಿಯಲ್ಲಿ ಕಾಯಿಸಬೇಡಿ, ಹದ ಹೋಗ್ತದೆ. ವೈಸಿನಲ್ಲಿ ಹಿಡಿದು ತಣ್ಣಗೆಯೇ ಬಗ್ಗಿಸಿ, ಮೂಲೆ ತೀರಾ ಚೂಪಾಗದ ಹಾಗೆ ನೋಡಿಕೊಳ್ಳಿ. ಚೂಪು ಮಾಡಿದರೆ ಅಲ್ಲೇ ಬಿರುಕು.

ಪಿಕ್ಕನ್ನೂ ಹ್ಯಾಕ್ಸಾ ಬ್ಲೇಡಿನಲ್ಲಿ ಮಾಡಬಹುದು. ದಪ್ಪ 0.6ರ ಹತ್ತಿರ. ಗ್ರೈಂಡರಿಗೆ ಎರಡು ಸೆಕೆಂಡ್ ತಾಗಿಸಿ ನೀರಿಗೆ ಅದ್ದಿ, ಮತ್ತೆ ಎರಡು ಸೆಕೆಂಡ್. ಸ್ಟೀಲು ನೀಲಿ ಬಣ್ಣಕ್ಕೆ ತಿರುಗಿತೋ ಅಲ್ಲಿ ಮೆತ್ತಗಾಯಿತು ಅಂತಲೇ, ಆ ತುದಿ ಮುರಿದು ಬಿಸಾಡಿ. ಕೊಂಡು ತರುವುದಾದರೆ 301 ಅಥವಾ 420 ಸ್ಟೇನ್‌ಲೆಸ್ ಅಂತ ಬರೆದದ್ದು ನೋಡಿ. ಬರೇ "ಸ್ಟೀಲ್" ಅಂತ ಇದ್ದರೆ ಬಿಡಿ.

ಅರದ_ಹುಡಿ:

ಹ್ಯಾಕ್ಸಾ ಬ್ಲೇಡಿನ ಪಿಕ್ ಕಲಿಯಲಿಕ್ಕೆ ಸರಿ, ಗಿರಾಕಿಯ ಬಾಗಿಲಲ್ಲಿ ಬೇಡ. ಬ್ಲೇಡು ಬಾಗುವುದಿಲ್ಲ, ಟಪ್ಪಂತ ಮುರಿಯುವುದು. ಸಿಲಿಂಡರ್ ಒಳಗೆ ಮುರಿದ ತುಂಡು ಕೂತರೆ ಹತ್ತು ನಿಮಿಷದ ಕೆಲಸ ಸಿಲಿಂಡರ್ ಬದಲಿಸುವಲ್ಲಿಗೆ ಹೋಗ್ತದೆ. ವೈಪರ್ ಪಟ್ಟಿಗೆ ನನ್ನದೂ ಹೌದು.

ಉಪ್ಪಳ_ಕೀಲಿಕೈ:

ತುಂಬಾ ಉಪಕಾರ. ಅರಗಳು ಮಂಗಳೂರಿನ ಬಂದರಿನಲ್ಲಿ ಸಿಕ್ಕಿದವು. ಪಿಕ್ 18ರದ್ದು ಆರ್ಡರ್ ಮಾಡಿದ್ದು ಬಂತು, ಟೆನ್ಷನ್ ವೈಪರ್ ಪಟ್ಟಿಯದ್ದು. ಈಗ ಎರಡು ತೊಂದರೆ. ಒಂದು, ಕಡ್ಡಿ ಜಾರಿ ಜಾರಿ ಹೊರಗೆ ಬರ್ತದೆ. ಎರಡು, ಕಾಣುವ ಪ್ಲಾಸ್ಟಿಕ್ ಬೀಗ 10 ಸೆಕೆಂಡಿನಲ್ಲಿ ಬಿಡ್ತದೆ, 60 ಮಿ.ಮೀ. ಡೋರ್ ಸಿಲಿಂಡರಿನಲ್ಲಿ ಮಾತ್ರ ಸ್ವಲ್ಪ ತಿರುಗಿ ಅಲ್ಲೇ ನಿಲ್ತದೆ. ಮುಂದೆ ಒತ್ತಿದರೆ ಕಡ್ಡಿಯೇ ಬಾಗ್ತದೆ.

ಅರದ_ಹುಡಿ:

ಎರಡನೆಯದ್ದು ತೊಂದರೆ ಅಲ್ಲ, ಸರಿದಾರಿಯಲ್ಲೇ ಇದ್ದೀರಿ. ಆ ಸಿಲಿಂಡರಿನಲ್ಲಿ ಸ್ಪೂಲ್ ಪಿನ್ ಇದ್ದ ಹಾಗೆ ಕಾಣ್ತದೆ. ಡ್ರೈವರ್ ಪಿನ್ ನಡು ಸಣ್ಣಗೆ, ನೂಲಿನ ಉರುಳೆಯ ಹಾಗೆ. ಆ ಸಣ್ಣ ನಡು ಶಿಯರ್ ಲೈನಿಗೆ (ಪ್ಲಗ್ಗೂ ಹೊರಗಿನ ಮೈಯೂ ಸೇರುವ ಗೆರೆ) ಬಂದಾಗ ಪ್ಲಗ್ (ಕೀ ಜೊತೆ ತಿರುಗುವ ಉರುಟು ಭಾಗ) ಕೆಲವು ಡಿಗ್ರಿ ತಿರುಗ್ತದೆ, ಬಿಟ್ಟಿತು ಅಂತ ಅನಿಸ್ತದೆ, ನಿಜಕ್ಕೂ ಸಿಕ್ಕಿಕೊಂಡದ್ದು. ಅಲ್ಲಿ ಬಲ ಹಾಕಿದಷ್ಟೂ ಬಿಗಿಯುತ್ತದೆ.

ಒತ್ತಡ ಪೂರ್ತಿ ಬಿಡಬೇಡಿ, ಬಿಟ್ಟರೆ ಕೂತ ಪಿನ್ನೆಲ್ಲ ಮೊದಲಿನ ಜಾಗಕ್ಕೇ ವಾಪಸ್ ಬರ್ತದೆ. ಕಡ್ಡಿಯ ಮೇಲಿನ ಬೆರಳನ್ನು ಸಡಿಲ ಮಾಡಿ, ಬೆರಳಿನ ಭಾರ ಮಾತ್ರ ಇರಲಿ. ಈಗ ಹುಕ್ಕಿನಿಂದ ಒಂದೊಂದೇ ಪಿನ್ನನ್ನು ಮೆಲ್ಲಗೆ ಒತ್ತಿ ನೋಡಿ. ಯಾವ ಪಿನ್ ಒತ್ತಿದಾಗ ಪ್ಲಗ್ ನಿಮ್ಮ ಬೆರಳಿಗೆ ಎದುರಾಗಿ ಹಿಂದೆ ತಳ್ತದೋ ಅದುವೇ ಸ್ಪೂಲ್. ಹಿಂದೆ ಬರಲಿಕ್ಕೆ ಬಿಡಿ, ಪಿನ್ ಒತ್ತುತ್ತಾ ಇರಿ, ಟಿಕ್ ಅಂತ ಕೂತುಕೊಳ್ತದೆ. ಹಿಂದೆ ಬರುವಾಗ ಮೊದಲು ಕೂತ ಒಂದು ಪಿನ್ ಬಿದ್ದುಹೋಗುವುದು ಸಾಮಾನ್ಯ, ಅದನ್ನು ಪುನಃ ಕೂರಿಸಿ. ಪ್ಲಾಸ್ಟಿಕ್ ಬೀಗದಲ್ಲಿ ಇದೊಂದೂ ಇಲ್ಲ. ಅದರ ತೂತುಗಳೂ ಸಡಿಲ, ಕಣ್ಣು ನೋಡಿ ಕೈ ಕೆಲಸ ಮಾಡ್ತದೆ. ಅದನ್ನು ಮಕ್ಕಳಿಗೆ ಆಡಲಿಕ್ಕೆ ಕೊಡಿ.

ಅಭ್ಯಾಸಕ್ಕೆ ಒಂದೇ ಮಾಡೆಲಿನ ಸಿಲಿಂಡರ್ ಮೂರು ತಂದು, ಪಿನ್ ತೆಗೆದು, ಒಂದರಲ್ಲಿ 2, ಇನ್ನೊಂದರಲ್ಲಿ 3, ಮೂರನೆಯದರಲ್ಲಿ 5 ಪಿನ್ ಉಳಿಸಿ. ತೆಗೆಯುವಾಗ ಪ್ಲಗ್ಗಿನ ಹಿಂದಿನಿಂದ ಅದೇ ದಪ್ಪದ ಫಾಲೋವರ್ ಕೋಲು (ಪ್ಲಗ್ಗಿನ ಜಾಗದಲ್ಲಿ ಕೂತು ಪಿನ್, ಸ್ಪ್ರಿಂಗ್ ತಡೆಯುವುದು) ತಳ್ಳಿಕೊಂಡು ಬನ್ನಿ. ಕೋಲು ಅರ್ಧ ಮಿ.ಮೀ. ಸಪೂರ ಆದರೂ ಸ್ಪ್ರಿಂಗು ಕೋಣೆ ತುಂಬ ಹಾರ್ತದೆ. ಬಿಳಿ ಬಟ್ಟೆ ಹಾಸಿ ಕೂತುಕೊಳ್ಳಿ.

ಕಡ್ಡಿ ಜಾರುವುದಕ್ಕೆ: ಕಿಂಡಿಯ ಎರಡು ಕೊನೆಯಲ್ಲೂ ಕಡ್ಡಿ ಇಡಬಹುದು. "ಮೇಲೆ, ಕೆಳಗೆ" ಅಂತ ಹೇಳುವುದು ಗೊಂದಲ, ಯಾಕೆಂದರೆ ಬಾಗಿಲಿನಲ್ಲಿ ಈ ಸಿಲಿಂಡರ್ ಕೂತಾಗ ಉರುಟು ಭಾಗ ಮೇಲೆ, ಬಾಲ ಕೆಳಗೆ, ಪಿನ್ನೂ ಕೆಳಗೆ. ಪಿನ್ ಇರುವ ಬದಿ, ಪಿನ್ ಇಲ್ಲದ ಬದಿ ಅಂತ ಯೋಚಿಸಿ. ಪಿನ್ ಇಲ್ಲದ ಬದಿಗೆ ಕಡ್ಡಿ ಇಟ್ಟರೆ ಪಿಕ್ಕಿಗೆ ಇರುವ ಜಾಗವೂ ಹೋಗ್ತದೆ. ಕಿಂಡಿ ಸಣ್ಣದಾದರೆ ಪಿನ್ ಇರುವ ಬದಿಯ ಅಂಚಿಗೇ ಇಡಿ. ಅಲ್ಲಿ 1 ಮಿ.ಮೀ. ದಪ್ಪ ಬೇಕು, ಕೆಲವಕ್ಕೆ 1.2. ವೈಪರ್ ಪಟ್ಟಿ ಅದಕ್ಕಿಂತ ತೆಳು, ಅದಕ್ಕೇ ಜಾರುವುದು. ಸ್ವಲ್ಪ ದಪ್ಪದ್ದು ತಂದು ಬಾಯಿಗೆ ಗಟ್ಟಿಯಾಗಿ ಕೂರುವವರೆಗೆ ಅರದಲ್ಲಿ ತಿಕ್ಕಿ. ಒಳಗೆ ಹೋಗುವ ಉದ್ದ ಮೊದಲನೇ ಪಿನ್ನಿಗೆ ತಾಗಬಾರದು. ತಾಗಿದರೆ ಆ ಪಿನ್ ಸಲೀಸಾಗಿ ಆಡುವುದೇ ಇಲ್ಲ, ನೀವು ಉಳಿದ ನಾಲ್ಕನ್ನು ಕೂರಿಸಿ ಬೀಗ ಯಾಕೆ ಬಿಡುವುದಿಲ್ಲ ಅಂತ ನೋಡ್ತಾ ಕೂರುವುದು.

ಮಳೆಗಾಲದ_ಬೀಗ:

ಸಾಮಾನಿನ ಪಟ್ಟಿಯಲ್ಲಿ ಯಾರೂ ಸ್ಪ್ರೇ ಹೇಳಲಿಲ್ಲ. ಕಡಲ ಬದಿ ಊರು, ಗಲ್ಫಿನವರ ಮನೆ ಒಂದು ವರ್ಷ ಬಾಗಿಲು ಹಾಕಿಯೇ ಇರ್ತದೆ. ಆ ಬೀಗಕ್ಕೆ ಪಿಕ್ ಹಾಕುವ ಮೊದಲು ತುಕ್ಕು ಬಿಡಿಸುವ ಎಣ್ಣೆ ಹೊಡೆದು 15 ನಿಮಿಷ ಬಿಡಿ, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ, ಮತ್ತೆ ಹೊಡೆಯಿರಿ. ಹುಕ್ಕಿನಿಂದ ಪ್ರತಿ ಪಿನ್ ಒತ್ತಿ ಬಿಟ್ಟು, ಸ್ಪ್ರಿಂಗ್ ವಾಪಸ್ ತಳ್ತದಾ ನೋಡಿ. ತಳ್ಳದಿದ್ದರೆ ಇನ್ನೂ ಟೆನ್ಷನ್ ಹಾಕುವ ಹೊತ್ತಾಗಿಲ್ಲ.

ಡಬ್ಲ್ಯೂಡಿ-40 ನೀರು ಓಡಿಸ್ತದೆ, ತುಕ್ಕು ಬಿಡಿಸ್ತದೆ, ಬಹಳ ದಿನ ಉಳಿಯುವುದಿಲ್ಲ. ಕೆಲಸ ಮುಗಿದ ಮೇಲೆ ಒಣಗುವ ಟೆಫ್ಲಾನ್, ಅಂದರೆ ಪಿಟಿಎಫ್‌ಇ ಸ್ಪ್ರೇ ಸ್ವಲ್ಪ ಹಾಕಿ. ಗ್ರಾಫೈಟ್ ಹುಡಿ ಒಣ ಹವೆಯ ಊರಿಗೆ ಸರಿ, ಎಣ್ಣೆ ಇದ್ದ ಬೀಗಕ್ಕೆ ಹಾಕಿದರೆ ಎರಡೂ ಸೇರಿ ಕಪ್ಪು ಕೆಸರಾಗ್ತದೆ. ಗಿರಾಕಿಗಳು ಮಾಡುವ ದೊಡ್ಡ ಉಪದ್ರ ತೆಂಗಿನೆಣ್ಣೆ. ಹೊಯ್ದ ದಿನ ಬೀಗ ಬೆಣ್ಣೆ ಹಾಗೆ ತಿರುಗ್ತದೆ. ಆಮೇಲೆ ಧೂಳು ಹಿಡಿದು ಅಂಟಾಗ್ತದೆ, ಧನುರ್ಮಾಸದ ಬೆಳಗ್ಗೆ 24 ಡಿಗ್ರಿಗಿಂತ ಕೆಳಗೆ ಇಳಿದರೆ ಗಟ್ಟಿಯೂ ಆಗ್ತದೆ. ಅಂಥ ಬೀಗವನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯದೆ ಬೇರೆ ದಾರಿ ಇಲ್ಲ.

ಮಳೆಗಾಲದಲ್ಲಿ "ಬೀಗ ತಿರುಗುವುದಿಲ್ಲ" ಅಂತ ಕರೆ ಬಂದರೆ ಮೊದಲು ಬಾಗಿಲು ನೋಡಿ. ಹಲಸಿನ ಹಲಗೆ ಆಗಲಿ ಬೇರೆ ಮರ ಆಗಲಿ, ನೀರು ಕುಡಿದು ಉಬ್ಬಿರ್ತದೆ. ಅಗುಳಿ ಚೌಕಟ್ಟಿನ ಪಟ್ಟಿಗೆ ಒತ್ತಿ ನಿಂತಿರ್ತದೆ. ಬಾಗಿಲನ್ನು ಒಮ್ಮೆ ನಿಮ್ಮ ಕಡೆಗೆ ಎಳೆದು, ಒಮ್ಮೆ ಒಳಗೆ ತಳ್ಳಿ, ಒಮ್ಮೆ ಹಿಡಿ ಹಿಡಿದು ಮೇಲಕ್ಕೆ ಎತ್ತಿ ಕೀ ತಿರುಗಿಸಿ ನೋಡಿ. ಗಾಳಿ ತುಂಬುವ ವೆಜ್ ಚೀಲ ಒಂದು ತೆಗೆದಿಡಿ, ಸಂದಿಗೆ ತುರುಕಿ ಊದಿದರೆ ಬಾಗಿಲಿಗೆ ಗಾಯ ಆಗದೆ ಬಿಗಿ ಬಿಡ್ತದೆ. ಶಟರಿಗೂ ಅದೇ ಮಾತು. ಅಡಿಪಟ್ಟಿಯ ಮೇಲೆ ಕಾಲಿಟ್ಟು ಕೆಳಗೆ ಒತ್ತಿದರೆ ಅಗುಳಿ ತೂತಿನ ನಡುವಿಗೆ ಬರ್ತದೆ, ಎಷ್ಟೋ ಸಲ ಹಳೇ ಕೀಯೇ ತಿರುಗ್ತದೆ.

ಕುಂಬ್ಳೆ_ಸೀಮೆ:

ಸ್ಕೂಟರಿನ ಬಗ್ಗೆ ಕೇಳಿದ್ದು ಬಿಟ್ಟುಹೋಯಿತು. ಆಕ್ಟಿವಾದ ಬಗೆಯದ್ದರಲ್ಲಿ ಕೀ ತೂತಿಗೆ ಶಟರ್ ಇರ್ತದೆ, ಕೀಯ ತಲೆಯಲ್ಲಿರುವ ಅಯಸ್ಕಾಂತದ ಮೂಲೆಯಿಂದ ಬಿಡಿಸುವುದು. ಶಟರ್ ಹಾಕಿದ ಮೇಲೆ ಕೀ ಕಳೆದರೆ ಪಿಕ್ ಹಾಕಲಿಕ್ಕೆ ತೂತೇ ಇಲ್ಲ. ಅದಕ್ಕೆ ಬೇರೆಯೇ ಮ್ಯಾಗ್ನೆಟ್ ಸೆಟ್ ಬರ್ತದೆ, ಆ ಕೆಲಸ ಬಂದಾಗ ತಗೊಳ್ಳಿ. ಒಳಗೆ ಇರುವುದು ಪಿನ್ ಅಲ್ಲ, ವೇಫರ್ (ತೆಳು ಚಪ್ಪಟೆ ಪಟ್ಟಿ). ಕಪಾಟಿನ ಎಷ್ಟೋ ಬೀಗಗಳೂ ವೇಫರಿನದ್ದೇ, ರೇಕ್ ಸಾಕು, ಟೆನ್ಷನ್ ತೀರಾ ಹಗುರ ಇರಲಿ. ಮೈಯಲ್ಲಿ ಗುಳಿ ಇರುವ ಕೀ, ಅಂಗಡಿಯವರು ಕಂಪ್ಯೂಟರ್ ಕೀ ಅನ್ನುವುದು, ಅದಕ್ಕೆ ಬಾವುಟದ ತುದಿಯ ಪಿಕ್ಕೇ ಬೇಕು. ಈ ಬಜೆಟಿನಲ್ಲಿ ಬೇಡ. ಕಾರಿಗೂ ಕೈ ಹಾಕಬೇಡಿ. ಬಾಗಿಲು ತೆಗೆದರೂ ಚಿಪ್ ಕೀ ಪ್ರೋಗ್ರಾಮ್ ಮಾಡುವ ಯಂತ್ರ ಇಲ್ಲದೆ ಈಗಿನ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಮತ್ತೆ ಒಂದು ರಶೀದಿ ಪುಸ್ತಕ. ಅದನ್ನೂ ಟೂಲ್ ಅಂತಲೇ ಲೆಕ್ಕ ಹಾಕಿ. ಬಾಗಿಲು ತೆಗೆಯುವ ಮೊದಲು ಆ ಮನೆಯ ವಿಳಾಸ ಇರುವ ಗುರುತುಚೀಟಿ ನೋಡಿ. ಚೀಟಿ ಒಳಗೇ ಉಂಟು ಅಂತ ಹೇಳಿದರೆ ಪಕ್ಕದ ಮನೆಯವರನ್ನು ಕರೆದು ನಿಲ್ಲಿಸಿ, ತೆಗೆದ ಕೂಡಲೇ ಚೀಟಿ ನೋಡಿ. ಬಾಡಿಗೆ ಮನೆ ಆದರೆ ಮಾಲಕರಿಗೆ ಫೋನ್. ಹೆಸರು, ಹೊತ್ತು, ಬೀಗದ ಬಗೆ, ಸಹಿ ಎಲ್ಲ ರಶೀದಿಯಲ್ಲಿ ಇರಲಿ, ಗಿರಾಕಿಗೆ ಓದಲಿಕ್ಕೆ ಆಗುವ ಭಾಷೆಯಲ್ಲಿ. "ತಾಕ್ಕೋಲ್ ಪೋಯಿ" (ಕೀ ಹೋಯಿತು) ಅಂತ ಬಂದವರಿಗೆ ಮಲೆಯಾಳದಲ್ಲೇ ಬರೆದುಕೊಡಿ. ಸಹಿಗೆ ಹಿಂದೆ ಮುಂದೆ ನೋಡುವವರ ಕೆಲಸ ಬೇಡ. ತರಬೇತಿ ಸರ್ಟಿಫಿಕೇಟಿನ ಪ್ರತಿ ಟೂಲ್ ಚೀಲದಲ್ಲೇ ಇರಲಿ, ಕರೆ ಇಲ್ಲದ ರಾತ್ರಿ ಚೀಲ ಅಂಗಡಿಯಲ್ಲೇ ಇರಲಿ.

ಉಪ್ಪಳ_ಕೀಲಿಕೈ:

1 ಮಿ.ಮೀ. ಕಡ್ಡಿಯನ್ನು ಅರದಲ್ಲಿ ತಿಕ್ಕಿ ಕೂರಿಸಿದ್ದು, ಈಗ ಜಾರುವುದಿಲ್ಲ. ಸಿಲಿಂಡರ್ ಎರಡು ಸಲ ಬಿಟ್ಟಿತು, ಮೂರನೇ ಪಿನ್ ಸ್ಪೂಲ್. ಈಗ ಇರುವ ಪಟ್ಟಿ: ಪಿಕ್ 6, ಟೆನ್ಷನ್ 8, ಅರ 3, ಲೆನ್ಸ್, ಫಾಲೋವರ್ 13 ಮಿ.ಮೀ. ಒಂದು, ಚಿಮುಟ, ಸ್ಪ್ರೇ 2, ವೆಜ್ ಚೀಲ, ರಶೀದಿ ಪುಸ್ತಕ. ಬಿಟ್ಟುಹೋದದ್ದು ಉಂಟಾ?

ಪಯಸ್ವಿನಿ_ದಡ:

ಫಾಲೋವರ್ ಒಂದೇ ಸಾಲದು, ಬೀಗದ ಪ್ಲಗ್ಗಿನ ದಪ್ಪ ಒಂದೊಂದರಲ್ಲಿ ಒಂದೊಂದು. ವರ್ನಿಯರಿನಲ್ಲಿ ಅಳೆದು ಮರದ ಕೋಲನ್ನು ಲೇತಿನವರ ಹತ್ತಿರ ಕೊಟ್ಟರೆ ನಾಲ್ಕು ಅಳತೆಯದ್ದು ಮಾಡಿಕೊಡ್ತಾರೆ. ಮತ್ತೆ ತಲೆಗೆ ಕಟ್ಟುವ ಟಾರ್ಚ್. ಕರೆಂಟು ಹೋದ ಮನೆಯ ವರಾಂಡದಲ್ಲಿ ಬಾಯಲ್ಲಿ ಮೊಬೈಲ್ ಕಚ್ಚಿಕೊಂಡು ಮಸಿಯ ಗೆರೆ ನೋಡಲಿಕ್ಕೆ ಆಗುವುದಿಲ್ಲ.